ಎಂಸಿಬಿ ಇದೆಯಲ್ಲ, ಇನ್ನೇನು ಭಯ ಅಂತೀರಾ?

ನಮ್ಮ ಹಾಲಹರವಿ ಕಡೆಯ ಕನ್ನಡ ಶಾಲೆಗಳಿಗೆ ಏನು ಬಂದರೂ ತಡವಾಗಿಯೇ ಬರುವುದು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿ, ಆಲೂರು ಆದವಾನಿ ಆಂಧ್ರದಲ್ಲೇ ಉಳಿದ ಮೇಲೆ ಇದು ರೂಢಿಯಾಗಿಬಿಟ್ಟಿದೆ, ಬಿಡಿ. 2019ರಲ್ಲಿ ‘ನಾಡು-ನೇಡು’ ಶುರುವಾದ ಮೇಲೆ ಫ್ಯಾನು, ಟ್ಯೂಬ್‌ಲೈಟು ಬಂದವು. 2023ರಲ್ಲಿ ಪ್ರೌಢಶಾಲೆಗಳಿಗೆ ದೊಡ್ಡ ಡಿಜಿಟಲ್ ಪರದೆಗಳೂ ಬರತೊಡಗಿದವು. ಸಂತೋಷವೇ. ಆದರೆ ಅವಕ್ಕೆ ಕರೆಂಟು ಕೊಡುವ ವೈರಿನ ಕಡೆ ಯಾರಾದರೂ ನೋಡಿದ್ದೀರಾ?

ಎಷ್ಟೋ ಕಡೆ ಬಾಗಿಲ ಸಂದಿಯಲ್ಲಿ ನುಗ್ಗಿಸಿದ ವೈರು. ನಡುವೆ ಎರಡು ಕಡೆ ತಿರುಚಿ ಟೇಪು ಸುತ್ತಿದ ಜಾಯಿಂಟು. ಪ್ಲಗ್ಗು ಇಲ್ಲವೇ? ಬರೀ ತಂತಿಯನ್ನೇ ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವುದು! ಕೇಳಿದರೆ ಒಂದೇ ಉತ್ತರ: “ಎಂಸಿಬಿ ಐತಲ್ಲ ಸಾರ್, ಏನಾದ್ರೂ ಆದ್ರೆ ಬೀಳತೈತಿ.”

ಬೀಳುವುದಿಲ್ಲ ಸ್ವಾಮಿ! ಪಾಠದಲ್ಲಿ ಬರುವುದು ಓವರ್‌ಲೋಡು, ಶಾರ್ಟ್ ಸರ್ಕ್ಯೂಟು. ಮೂರನೆಯದೊಂದಿದೆ. ವೈರಿನೊಳಗೆ ಎಳೆ ಮುರಿದಾಗ, ಸ್ಕ್ರೂ ಸಡಿಲವಾದಾಗ, ಆ ಕೂದಲೆಳೆಯಷ್ಟು ಸಂದಿಯನ್ನು ಕರೆಂಟು ಕಿಡಿಯಾಗಿ ದಾಟುತ್ತದೆ. ಇದೇ ಆರ್ಕ್. ವೆಲ್ಡಿಂಗ್ ಅಂಗಡಿಯ ಕಿಡಿಗೆ ತಮ್ಮ ಅನ್ನಿ. ಅದರ ಬಿಸಿ ಸಾವಿರಾರು ಡಿಗ್ರಿ. ಸಾಮಾನ್ಯ ವೈರಿನ ಪಿವಿಸಿ ತಾಳುವುದು 70 ಡಿಗ್ರಿ.

ಮನೆಯ 1000 ವಾಟ್ ಇಸ್ತ್ರಿಪೆಟ್ಟಿಗೆಯನ್ನೇ ತಗೊಳ್ಳಿ. 230 ವೋಲ್ಟಿಗೆ ಅದು ಎಳೆಯುವುದು ಸುಮಾರು 4.3 ಆಂಪಿಯರ್. ಅದರ ವೈರಿನಲ್ಲಿ ಇಂಥ ಸಂದಿ ಬಿದ್ದರೆ ಕರೆಂಟು ಹೆಚ್ಚುವುದಿಲ್ಲ, ತುಸು ಇಳಿಯುತ್ತದೆ. 16 ಆಂಪಿಯರ್‌ನ ಎಂಸಿಬಿ ಯಾಕೆ ಬೀಳಬೇಕು ಹೇಳಿ? ಆರ್‌ಸಿಸಿಬಿ ನೋಡುವುದು ಸೋರಿಕೆಯನ್ನು. ಹೋದಷ್ಟೂ ವಾಪಸ್ಸು ಬಂದರೆ ಅದೂ ಸುಮ್ಮನೆ. ಶಾಕಿನಿಂದ ಕಾಯಲು ಅದು ಬೇಕೇ ಬೇಕು, ಅದು ಬೇರೆ ಮಾತು. ಹೀಗೆ ಕರೆಂಟು ಕಡಿದು ಕಡಿದು ಬಂದು ಪರದೆ, ಕಂಪ್ಯೂಟರು ಕೆಟ್ಟರೆ ‘ಮಾಲು ಡೂಪ್ಲಿಕೇಟು’ ಅಂತ ಬೈಗುಳ!

ಈ ಕಿಡಿಯ ಗುರುತು ಹಿಡಿದು ಲೈನು ಕಡಿಯುವ ಸಾಧನ ಇದೆ, ಎಎಫ್‌ಡಿಡಿ ಅಂತ. ಅಮೆರಿಕದ ವಿದ್ಯುತ್ ಸಂಹಿತೆ ಇಂಥದ್ದನ್ನು 2002ರಿಂದಲೇ ಹೊಸ ಮನೆಗಳ ಮಲಗುವ ಕೋಣೆಗೆ ಕಡ್ಡಾಯ ಮಾಡಿತು. ಅದು ದುಬಾರಿ, ನಾಳೆಯೇ ಕೊಡಿ ಎಂದು ನಾವು ಕೇಳುತ್ತಿಲ್ಲ. ಜಾಯಿಂಟಿಲ್ಲದ ವೈರು, ಐಎಸ್ಐ ಮುದ್ರೆಯ ಮೂರು ಪಿನ್ನಿನ ಪ್ಲಗ್ಗು, ಪರದೆಯ ಪಕ್ಕದಲ್ಲೇ ಒಂದು ಸಾಕೆಟ್ಟು, ವರ್ಷಕ್ಕೊಮ್ಮೆ ಬಂದು ಸ್ಕ್ರೂ ಬಿಗಿಮಾಡುವ ಲೈಸೆನ್ಸುಳ್ಳ ವೈರ್‌ಮನ್ನು. ಇಷ್ಟೂ ಇಲ್ಲದೆ ಲಕ್ಷದ ಮಾಲು ತಂದು ಮಕ್ಕಳ ತಲೆಯ ಮೇಲೆ ತೂಗುಹಾಕುವುದು ಯಾವ ನ್ಯಾಯ? ಸಮಗ್ರ ಶಿಕ್ಷಾದ ಶಾಲಾ ಅನುದಾನ ಬಂದಾಗ ಎಲ್ಲವನ್ನೂ ಸುಣ್ಣಬಣ್ಣಕ್ಕೇ ಮುಗಿಸಬೇಡಿ.

ಪೋಷಕರೇ, ಮುಂದಿನ ಸಭೆಗೆ ಬಂದಾಗ ಊಟದ ಜೊತೆ ಬೋರ್ಡನ್ನೂ ನೋಡಿ. ಚಿರ್ ಚಿರ್ ಸದ್ದು, ಸುಟ್ಟ ವಾಸನೆ, ಸಾಕೆಟ್ಟಿನ ಸುತ್ತ ಕಂದು ಕಲೆ, ಕೈಸುಡುವ ಪ್ಲಗ್ಗು - ಇವು ಮೊದಲು ಕಾಣುವುದು ಬೋರ್ಡಿನ ಪಕ್ಕ ಕೂರುವ ಮಗುವಿಗೆ. ಮುಟ್ಟಬೇಡ, ಓಡಿ ಬಂದು ಹೇಳು ಅಂತ ಕನ್ನಡದಲ್ಲಿ ಬರೆದು ಅಲ್ಲೇ ಅಂಟಿಸಿ. ಮೇನ್ ಆಫ್ ಮಾಡುವ ಕೆಲಸ ನಮ್ಮದು.