ತಾರು ಬಂದ ಮನೆಗಳು



ಪ್ರಪಂಚದ ಅನೇಕ ದೇಶಗಳಲ್ಲಿ ಪ್ರಾಯಕ್ಕೆ ಬಂದ ಮಗನ ಹೆಸರಿಗೆ ಸರಕಾರದಿಂದ ಒಂದು ಲಕೋಟೆ ಬರುವ ಪದ್ಧತಿ ಇತ್ತು. ಕೆಲವೆಡೆ ಇಂದಿಗೂ ಇದೆ. ಇಂಥ ದಿನ, ಇಂಥ ಸ್ಥಳದಲ್ಲಿ ಸೈನ್ಯದ ಸೇವೆಗೆ ಹಾಜರಾಗತಕ್ಕದ್ದು ಎಂಬ ಆಜ್ಞೆ ಅದರೊಳಗಿರುತ್ತದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1969ರ ಡಿಸೆಂಬರ್ 1ರಂದು, ಅಮೆರಿಕೆಯಲ್ಲಿ ವರ್ಷದ 366 ಜನ್ಮದಿನಾಂಕಗಳನ್ನು ಚೀಟಿಗಳಲ್ಲಿ ಬರೆದು, ಒಂದೊಂದಾಗಿ ಎತ್ತಿ, ಯಾರ ಸರದಿ ಮೊದಲೆಂಬುದನ್ನು ಗೊತ್ತುಪಡಿಸಿದರು. ಮಗನು ಹುಟ್ಟಿದ ದಿನವೆಂದು ತಾಯಿ ಸಂಭ್ರಮಿಸಿದ ದಿನವೇ ಅವನನ್ನು ರಣರಂಗಕ್ಕೆ ಕರೆಯುವ ಅಂಕೆಯಾಯಿತು. ಆ ದೇಶದಲ್ಲಿ 1973ರಲ್ಲಿ ಈ ಕಡ್ಡಾಯ ಭರತಿ ನಿಂತಿತು. ದಕ್ಷಿಣ ಕೊರಿಯಾ, ಇಸ್ರೇಲ್ ಮುಂತಾದ ದೇಶಗಳಲ್ಲಿ ಈಗಲೂ ನಡೆದಿದೆ.

ನಮ್ಮ ದೇಶದಲ್ಲಿ ಮಾತ್ರ ಸೈನ್ಯಕ್ಕೆ ಸೇರುವುದು ಅವರವರ ಇಚ್ಛೆಗೆ ಬಿಟ್ಟದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತೀಯ ಸೇನೆಯ ಸಂಖ್ಯೆ 25 ಲಕ್ಷವನ್ನು ಮುಟ್ಟಿದಾಗಲೂ ಆ ಸಿಪಾಯಿಗಳನ್ನು ಭರತಿಯ ಕಾನೂನು ಮನೆಯಿಂದ ಎಳೆದು ತಂದಿರಲಿಲ್ಲ. ಸ್ವತಂತ್ರ ಭಾರತದ ಸಂವಿಧಾನದ 23ನೆಯ ವಿಧಿಯು ಸಾರ್ವಜನಿಕ ಕಾರ್ಯಕ್ಕಾಗಿ ಕಡ್ಡಾಯ ಸೇವೆಯನ್ನು ವಿಧಿಸಲು ಅವಕಾಶ ಕೊಟ್ಟಿದ್ದರೂ ಸೈನ್ಯದ ಭರತಿಗೆ ಅದನ್ನು ಬಳಸಿಲ್ಲ. 1976ರಲ್ಲಿ ಸೇರಿಸಲಾದ ಮೂಲಭೂತ ಕರ್ತವ್ಯಗಳಲ್ಲಿ, ಕರೆ ಬಂದಾಗ ದೇಶವನ್ನು ರಕ್ಷಿಸುವುದೂ ರಾಷ್ಟ್ರಸೇವೆ ಸಲ್ಲಿಸುವುದೂ ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಹೇಳಿದೆ.

ಹಾಗೆಂದು ‘ಸ್ವಇಚ್ಛೆ’ ಎಂಬ ಮಾತನ್ನು ಬಹಳ ಸುಲಭವಾಗಿ ಆಡಲಾಗದು. ಹಳೆಯ ವಿಜಾಪುರ ಜಿಲ್ಲೆಯೆಂದರೆ ಬರದ ಸೀಮೆ. ಇಂದು ದ್ರಾಕ್ಷಿಯ ಪಡಗಳು ಹಬ್ಬಿರುವ ಸಾವಳಗಿಯ ಸುತ್ತಣ ಎರೆಹೊಲಗಳು ಅಂದು ಮುಗಿಲನ್ನೇ ನಂಬಿದ್ದವು. ಒಂದು ಮಳೆ ತಪ್ಪಿದರೆ ಜೋಳದ ಹಗೇವು ಬರಿದು. ನಾಲ್ವರು ಮಕ್ಕಳಿದ್ದ ಮನೆಯಲ್ಲಿ ಒಬ್ಬನು ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರಕ್ಕೋ, ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಪಡೆಗೋ ಸೇರಿದನೆಂದರೆ ಅದರಲ್ಲಿ ದೇಶಾಭಿಮಾನವೂ ಇತ್ತು, ತಮ್ಮಂದಿರ ಹೊಟ್ಟೆಯ ಚಿಂತೆಯೂ ಇತ್ತು. ಎರಡನೆಯದು ಮೊದಲನೆಯದನ್ನು ಕಿರಿದುಗೊಳಿಸುವುದಿಲ್ಲ.

ಹಾಗಾದರೆ ನಮ್ಮ ಮನೆಗಳಿಗೆ ಯುದ್ಧದ ಕರೆಯೋಲೆ ಬರಲೇ ಇಲ್ಲವೇ? ಬಂದಿತು. ಹೊಸಬರನ್ನು ಹುಡುಕಿಕೊಂಡಲ್ಲ, ರಜೆಯ ಮೇಲೆ ಊರಿಗೆ ಬಂದಿದ್ದ ಸೈನಿಕನನ್ನು ಹುಡುಕಿಕೊಂಡು ಬಂದಿತು. ಅದರ ಹೆಸರು ತಾರು. ರಜೆ ರದ್ದಾಗಿದೆ, ಕೂಡಲೇ ಪಡೆಗೆ ಹಾಜರಾಗು ಎಂಬಷ್ಟೇ ಅದರ ಒಕ್ಕಣೆ. 1962, 1965, 1971ರ ಯುದ್ಧಗಳ ಕಾಲದಲ್ಲಿ ಸೈನಿಕರಿದ್ದ ಊರುಗಳು ಕಂಡ ಕಾಗದವಿದು. ಸಾವಳಗಿ ಭಾಗದ ಹಿರಿಯ ಮಾಜಿ ಸೈನಿಕರನ್ನು ಆ ದಿನಗಳ ಕುರಿತು ಕೇಳಿದರೆ ಗುಂಡಿನ ಸದ್ದಿಗಿಂತ ಮೊದಲು ಅವರ ನೆನಪಿಗೆ ಬರುವುದು ಅಂಚೆಯವನ ಸೈಕಲ್ಲು.

“ತಾರ ಬಂತಂದ್ರ ಯಾರೋ ಸತ್ತಾರಂತನ ತಿಳಕೋತಿದ್ರು. ಓದೂಕಿಂತ ಮೊದಲ ನಮ್ಮವ್ವ ಅಳಾಕ ಸುರು ಮಾಡಿದ್ಲು” ಎಂದರು ಒಬ್ಬ ಹಿರಿಯರು. ಕಾಗದ ಇಂಗ್ಲಿಷಿನಲ್ಲಿ, ಓದಿ ಹೇಳಲು ಶಾಲೆಯ ಮಾಸ್ತರರೇ ಬರಬೇಕು. ಅವರು ಓದಿ, ಯಾರೂ ಸತ್ತಿಲ್ಲ, ನಿಮ್ಮ ಮಗನನ್ನೇ ಕರೆದಿದ್ದಾರೆ ಎಂದಾಗ, ಅಳು ನಿಲ್ಲಬೇಕೋ ಹೆಚ್ಚಬೇಕೋ ಎಂಬುದು ಆ ತಾಯಿಗೆ ತಿಳಿಯಲಿಲ್ಲವಂತೆ.

ಇನ್ನೊಬ್ಬರ ನೆನಪು 1971ರದು. ಲಗ್ನವಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಆ ವರ್ಷ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ದಾಳಿ ಮಾಡಿದವು. ಸುದ್ದಿಯನ್ನು ಊರವರು ರೇಡಿಯೋದಲ್ಲಿ ಕೇಳಿದರು. ಇವರು ತಾರಿಗೆ ಕಾಯದೆ ಟ್ರಂಕು ಹೊಂದಿಸತೊಡಗಿದರು. “ಕಾಗದ ಬರೂತನಾ ಕುಂದ್ರೂದು ಸಿಪಾಯಿಗೆ ಸೋಬಸೂದಿಲ್ಲ” ಎಂಬುದು ಅವರ ಮಾತು. ನಸುಕಿನಲ್ಲಿ ಹಣೆಗೆ ವಿಭೂತಿ ಹಚ್ಚಿಕೊಂಡು, ಹಿರಿಯರ ಪಾದ ಮುಟ್ಟಿ ಹೊರಟರು. ಅತ್ತೆ ಸೊಸೆಯರು ಕೂಡಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿದ್ದರು. ಜಮಖಂಡಿಯ ದಾರಿ ಹಿಡಿದು, ಕುಡಚಿಯಲ್ಲಿ ರೈಲು ಹತ್ತಿ, ಮೀರಜ, ಪುಣೆಗಳ ಮೂಲಕ ಉತ್ತರಕ್ಕೆ. ನಮ್ಮ ಕಡೆ ಯಾರಿಗೂ ‘ಹೋಗು’ ಎನ್ನುವುದಿಲ್ಲ, ‘ಹೋಗಿ ಬಾ’ ಎನ್ನುತ್ತೇವೆ. ದಿನಕ್ಕೆ ಹತ್ತು ಸಲ ಆಡುವ ಮಾತು. ಆ ನಸುಕಿನಲ್ಲಿ ಅದರ ಎರಡನೆಯ ಪದವನ್ನು ತಾಯಿ ಒತ್ತಿ ಹೇಳಿದಳೆಂದು ಅವರು ನೆನೆಯುತ್ತಾರೆ.

ಅವರು ಹೋದ ಮೇಲೆ ಮನೆಯಲ್ಲಿ ಏನಾಯಿತೆಂಬುದನ್ನು ಅವರ ಪತ್ನಿ ಹೇಳಿದರು. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ಅದೇ ದಿನಗಳಲ್ಲಿ ಎಳ್ಳ ಅಮಾವಾಸ್ಯೆ. ಊರೆಲ್ಲ ಗೆದ್ದೆವೆಂದು ಹಿಗ್ಗುತ್ತಿದ್ದರೂ ಅವರ ಮನೆಗೆ ಪತ್ರ ಬಂದಿರಲಿಲ್ಲ. ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋದರು, ಸಂಪ್ರದಾಯದಂತೆ ಚರಗ ಚೆಲ್ಲಿದರು. ಊಟಕ್ಕೆ ಕುಳಿತಾಗ ಗಂಡನ ಪಾಲಿನ ಕಡುಬನ್ನು ಅತ್ತೆ ತೆಗೆದಿರಿಸಿದರು. “ಅದನ್ನ ಯಾರೂ ಮುಟ್ಟಲಿಲ್ಲರಿ” ಎಂದು ಆ ತಾಯಿ ಸುಮ್ಮನಾದರು. ಪತ್ರ ಬಂದದ್ದು ಹೊಸ ವರ್ಷದಲ್ಲಿ.

ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಯುದ್ಧದಲ್ಲಿ ನಮ್ಮ ಯೋಧರು ಮೂರು ಸಾವಿರಕ್ಕೂ ಹೆಚ್ಚು ಮಂದಿ ಮಡಿದರು. ಆಗ ವೀರಮರಣ ಹೊಂದಿದವರ ಪಾರ್ಥಿವ ಶರೀರವನ್ನು ಊರಿಗೆ ಕಳುಹಿಸುವ ಏರ್ಪಾಡು ಸಾಮಾನ್ಯವಾಗಿ ಇರಲಿಲ್ಲ. ಅಂತ್ಯಕ್ರಿಯೆ ರಣರಂಗದ ಸಮೀಪದಲ್ಲೇ ಮುಗಿಯುತ್ತಿತ್ತು. 1999ರ ಕಾರ್ಗಿಲ್ ಯುದ್ಧದಲ್ಲಿ ಯೋಧರ ಶರೀರಗಳು ತ್ರಿವರ್ಣ ಧ್ವಜ ಹೊದ್ದು ಹಳ್ಳಿಗಳಿಗೆ ಬಂದದ್ದನ್ನು ನಾವೆಲ್ಲ ಕಂಡೆವು. ಅದಕ್ಕೂ ಹಿಂದಿನ ಯುದ್ಧಗಳಲ್ಲಿ ಮನೆಗೆ ಬರುತ್ತಿದ್ದುದು ಮತ್ತೊಂದು ತಾರು ಮತ್ತು ಒಂದು ಟ್ರಂಕು. ತಮ್ಮವರನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡಿ ಸಮಾಧಿಗೆ ಹೂವೇರಿಸುವ ನಮ್ಮ ಮನೆತನಗಳಿಗೆ, ಹೂವಿಡಲು ಒಂದು ಗೇಣು ಜಾಗವೂ ಇಲ್ಲದ ದುಃಖ ಎಂಥದಿರಬಹುದು! ಅದಕ್ಕೆಂದೇ ಮೊದಲನೆಯ ತಾರನ್ನು ಕಂಡಾಗ ಆ ತಾಯಂದಿರು ಅತ್ತದ್ದು ಅಜ್ಞಾನದಿಂದಲ್ಲ. ಕರೆಯುವ ಕಾಗದವೂ ಕಳೆದುಕೊಂಡ ಸುದ್ದಿಯ ಕಾಗದವೂ ಒಂದೇ ಬಣ್ಣದ್ದು, ಒಬ್ಬನೇ ಅಂಚೆಯವನು ತರುವಂಥದು ಎಂಬುದನ್ನು ಅವರು ಬಲ್ಲರು.

2013ರ ಜುಲೈ 15ರಂದು ದೇಶದಲ್ಲಿ ತಂತಿ ಸೇವೆಯೇ ಮುಗಿಯಿತು. ಕರೆ ಮಾತ್ರ ಮುಗಿದಿಲ್ಲ. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಸಂಘರ್ಷ ಎದ್ದಾಗ ಅನೇಕ ಯೋಧರು ರಜೆಯನ್ನು ಅರ್ಧಕ್ಕೆ ಬಿಟ್ಟು ಹೊರಟರು. ಬೇರೆ ಉದ್ಯೋಗದಲ್ಲಿದ್ದುಕೊಂಡೇ ಪ್ರಾದೇಶಿಕ ಸೇನೆಯಲ್ಲಿ ಸೇವೆ ಸಲ್ಲಿಸುವವರನ್ನು ಕರೆಸಿಕೊಳ್ಳುವ ಅಧಿಕಾರವನ್ನೂ ಸರಕಾರ ಆಗ ಸೇನಾ ಮುಖ್ಯಸ್ಥರಿಗೆ ಕೊಟ್ಟಿತು. ಈಗ ಮೊಬೈಲ್ ಗುಣುಗುಟ್ಟುತ್ತದೆ. ಮಾಸ್ತರರು ಓದಿ ಹೇಳಬೇಕಾಗಿಲ್ಲ. ಬುತ್ತಿ ಕಟ್ಟುವ ಕೈಯ ನಡುಕ ಮಾತ್ರ ಅಂದಿನದೇ.

ಆದ್ದರಿಂದ ಈ ತಿಂಗಳ ಅಂಕಣದಲ್ಲಿ ನಾವು ಹೇಳಬಯಸುವುದು ಇಷ್ಟೆ. ಕರೆಗೆ ಓಗೊಟ್ಟವನು ಸೈನಿಕನೊಬ್ಬನೇ ಅಲ್ಲ. ಹೊಲದ ಕೆಲಸವನ್ನು ಹೆಗಲಿಗೇರಿಸಿಕೊಂಡ ತಮ್ಮ, ಪತ್ರದ ದಾರಿ ಕಾಯ್ದ ಪತ್ನಿ, ಪಾಲು ತೆಗೆದಿಟ್ಟ ತಾಯಿ ಇವರೂ ಓಗೊಟ್ಟವರೇ. ಅವರ ಹೆಸರು ಯಾವ ಪದಕದ ಮೇಲೂ ಇಲ್ಲ. ಅವರಿಗೆ ನಾವು ಸಲ್ಲಿಸಬೇಕಾದ ಋಣ ಆಗಸ್ಟ್ 15ರಂದು ಹಾರ ಹಾಕಿದಲ್ಲಿಗೆ ತೀರುವಂಥದಲ್ಲ.

ಎರಡು ಕೆಲಸಗಳನ್ನು ಇಂದೇ ಮಾಡಬಹುದು. ಮೊದಲನೆಯದು ಕಾಗದಪತ್ರಗಳ ಕೆಲಸ. ಮನೆಯಲ್ಲಿ ಮಾಜಿ ಸೈನಿಕರಿದ್ದರೆ ಅವರ ಡಿಸ್ಚಾರ್ಜ್ ಬುಕ್ ಮತ್ತು ಪಿಂಚಣಿ ಆದೇಶ ಎಲ್ಲಿವೆ ಎಂಬುದು ಮನೆಯ ಹೆಣ್ಣುಮಕ್ಕಳಿಗೆ ತಿಳಿದಿರಲಿ. ಪತ್ನಿಯ ಹೆಸರೂ ಜನ್ಮದಿನಾಂಕವೂ ಸೇನೆಯ ದಾಖಲೆಯಲ್ಲಿ ಒಂದು ಬಗೆ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಬಗೆ ಇದ್ದರೆ ಕುಟುಂಬ ಪಿಂಚಣಿಗೆ ತೊಡಕಾಗುತ್ತದೆ. ಯಜಮಾನರು ಬದುಕಿರುವಾಗಲೇ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ನೆರವಿನಿಂದ ಅದನ್ನು ಸರಿಪಡಿಸಿಕೊಳ್ಳುವುದು ಲೇಸು. ಅಜ್ಜಿಗೆ ಓದು ಬಾರದಿದ್ದರೆ ಮೊಮ್ಮಕ್ಕಳು ಓದಿ ಹೇಳಲಿ.

ಎರಡನೆಯದು ಕೇಳುವ ಕೆಲಸ. 1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದ ಸೈನಿಕರು ಇಂದು ಎಪ್ಪತ್ತು ದಾಟಿದ್ದಾರೆ. 1965ರವರು ಎಂಬತ್ತರ ಆಚೀಚೆ. ತಾರು ಬಂದ ದಿನ ಮನೆಯಲ್ಲಿ ಯಾರಿದ್ದರು, ಯಾರು ಓದಿದರು, ಬಸ್ಸಿನವರೆಗೆ ಯಾರು ಬಂದರು ಎಂದು ಮಕ್ಕಳು ಕೇಳಿ ಒಂದು ನೋಟುಬುಕ್ಕಿನಲ್ಲಿ ಬರೆದಿಡಲಿ. ಅಜ್ಜನನ್ನು ಕೇಳಿ ಮುಗಿದ ಮೇಲೆ ಅಡಿಗೆಮನೆಗೂ ಹೋಗಿ ಅಜ್ಜಿಯನ್ನು ಕೇಳಲಿ. ಆಕೆಯನ್ನು ಇದುವರೆಗೆ ಯಾರೂ ಕೇಳಿರಲಾರರು.