ಉಪ್ಪರಿಗೆಯ ಗರ್ಡರು ಎಷ್ಟು ಹೊತ್ತೀತು?

ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸು ಹತ್ತುವಾಗ ಒಳಗೆ ಬರೆದದ್ದನ್ನು ಓದಿ ನೋಡಿ. ಕುಳಿತುಕೊಳ್ಳುವವರು ಇಷ್ಟು, ನಿಲ್ಲುವವರು ಇಷ್ಟು ಅಂತ ಲೆಕ್ಕ ಇರುತ್ತದೆ. ಸಂಜೆ ಆರು ಗಂಟೆಗೆ ಆ ಲೆಕ್ಕ ಯಾರೂ ಪಾಲಿಸುವುದಿಲ್ಲ, ಅದು ಬೇರೆ ಮಾತು. ಲೆಕ್ಕ ಅಂತ ಒಂದು ಉಂಟು. ಲಿಫ್ಟಿನಲ್ಲೂ ಉಂಟು. ಆದರೆ ಬಂದರಿನ ಹಳೇ ಕಟ್ಟಡಗಳ ಉಪ್ಪರಿಗೆಯಲ್ಲಿ ಮೂಟೆಯ ಮೇಲೆ ಮೂಟೆ ಏರಿಸುವಾಗ, ಕೆಳಗಿನ ಕಬ್ಬಿಣದ ಗರ್ಡರು ಎಷ್ಟು ಹೊತ್ತೀತು ಎಂಬ ಲೆಕ್ಕ ಎಲ್ಲಿ ಬರೆದಿದೆ?

ಕೇಳಿದರೆ ಸಿಗುವ ಉತ್ತರ ಒಂದೇ. "ಅಜ್ಜನ ಕಾಲದ್ದು ಮಾರಾಯ್ರೆ, ಇಂಗ್ಲೆಂಡಿನ ಕಬ್ಬಿಣ. ಅದಕ್ಕೆ ಎಂತ ಆಗುದಿಲ್ಲ."

ಆಗುವುದಿಲ್ಲ ಎಂದು ಹೇಳಲು ಮೊದಲು ಅದು ಯಾವ ಕಬ್ಬಿಣ ಎಂದು ಗೊತ್ತಾಗಬೇಕು. ಅದೇನೂ ಬ್ರಹ್ಮವಿದ್ಯೆಯಲ್ಲ. ಹಳೇ ಗರ್ಡರಿನ ನಡುಪಟ್ಟಿಯನ್ನು ಉಜ್ಜಿ ನೋಡಿದರೆ ಹಲವು ಕಡೆ ಉಬ್ಬಕ್ಷರದಲ್ಲಿ ಕಾರ್ಖಾನೆಯ ಹೆಸರು ಸಿಗುತ್ತದೆ. ಡಾರ್ಮನ್ ಲಾಂಗ್ ಎಂದಿದ್ದರೆ ಇಂಗ್ಲೆಂಡಿನದು. ಟಾಟಾ ಎಂದಿದ್ದರೆ 1912ರ ನಂತರದ್ದು, ಯಾಕೆಂದರೆ ಜೆಮ್‌ಶೆಡ್‌ಪುರದಲ್ಲಿ ಉಕ್ಕು ತಯಾರಾಗಲು ಶುರುವಾದದ್ದೇ ಆ ವರ್ಷ. ಬ್ರಿಟನ್ನಿನಲ್ಲಿ ಗರ್ಡರಿನ ಅಳತೆಗಳನ್ನು 1903ರಲ್ಲಿ ಏಕರೂಪಕ್ಕೆ ತಂದರು. ಹಾಗಾಗಿ ಎತ್ತರ, ಅಗಲ, ದಪ್ಪ ಅಳೆದುಕೊಂಡರೆ ಹಳೇ ಕೋಷ್ಟಕದಲ್ಲಿ ಅದರ ಜಾತಕ ಹುಡುಕಬಹುದು. ಹೆಸರೂ ಇಲ್ಲ, ಅಳತೆಯೂ ಕೂಡುವುದಿಲ್ಲ ಅಂತಾದರೆ ಭಾರವಿಲ್ಲದ ಜಾಗದಿಂದ ಸಣ್ಣ ತುಂಡು ಕತ್ತರಿಸಿ ಪ್ರಯೋಗಾಲಯದಲ್ಲಿ ಎಳೆಸಿ ನೋಡಬೇಕು.

ಈಗ ಒಂದು ಲೆಕ್ಕ ಮಾಡೋಣ. 6 ಇಂಚು ಎತ್ತರ, 3 ಇಂಚು ಅಗಲ, ಅಡಿಗೆ 12 ಪೌಂಡು ತೂಕದ ಗರ್ಡರು. ಗೋಡೆಯಿಂದ ಗೋಡೆಗೆ 12 ಅಡಿ. ಗರ್ಡರಿಂದ ಗರ್ಡರಿಗೆ 4 ಅಡಿ, ನಡುವೆ ಇಟ್ಟಿಗೆಯ ಕಮಾನು. 1909ರ ಲಂಡನ್ ಕಾಯಿದೆ ಉಕ್ಕಿಗೆ ಚದರ ಇಂಚಿಗೆ 7.5 ಟನ್ ಒತ್ತಡ ಒಪ್ಪಿತ್ತು. ಆ ಪ್ರಕಾರ ಇಂಥ ಒಂದು ಗರ್ಡರು ಸುರಕ್ಷಿತವಾಗಿ ಹೊರುವುದು ಸುಮಾರು 2,900 ಕಿಲೋ. ಭಲೇ ಅನ್ನಬೇಡಿ. ಇಟ್ಟಿಗೆ, ಗಾರೆ, ನೆಲಹಾಸು ಎಲ್ಲ ಸೇರಿ 1,900 ಕಿಲೋ ಅಲ್ಲಿಗೇ ಹೋಯಿತು. ನಮ್ಮ ಪಾಲಿಗೆ ಉಳಿದದ್ದು 1,000 ಕಿಲೋ, ಅಂದರೆ 20 ಮೂಟೆ ಸಿಮೆಂಟು. ಆ 48 ಚದರಡಿಯಲ್ಲಿ ಮೂಟೆಗಳನ್ನು ಒಂದು ಸಾಲು ಹಾಸಿದರೆ ಹೆಚ್ಚುಕಡಿಮೆ ಲೆಕ್ಕ ಚುಕ್ತಾ. ನಾವು ಪೇರಿಸುವುದು ಎದೆಮಟ್ಟಕ್ಕೆ!

ಇನ್ನು ತುಕ್ಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಹೊಯ್ಯುವ ಊರು, ಮೇಲಿಂದ ಕಡಲಿನ ಉಪ್ಪುಗಾಳಿ. ತುಕ್ಕು ತಿಂದು ಗರ್ಡರಿನ ಶಕ್ತಿ ಐದನೇ ಒಂದು ಪಾಲು ಇಳಿಯಿತೆಂದು ಇಟ್ಟುಕೊಳ್ಳಿ. ಐದನೇ ಒಂದಲ್ಲವೇ, ಚಿಂತೆಯಿಲ್ಲ ಎಂದು ಕಾಣುತ್ತದೆ. ಆದರೆ 2,900 ಇದ್ದದ್ದು 2,320 ಆಯಿತು. ಇಟ್ಟಿಗೆ ಗಾರೆಯ ಭಾರವೇನೂ ತುಕ್ಕು ಹಿಡಿದು ಕಡಿಮೆಯಾಗುವುದಿಲ್ಲ, ಅದು ಅದೇ 1,900. ಉಳಿದದ್ದು 420 ಕಿಲೋ. 20 ಮೂಟೆಯ ಜಾಗದಲ್ಲಿ 8 ಮೂಟೆ! ತುಕ್ಕು ತಿನ್ನುವುದು ಕಟ್ಟಡದ ಪಾಲನ್ನಲ್ಲ ಸ್ವಾಮಿ, ವ್ಯಾಪಾರಿಯ ಪಾಲನ್ನು.

ಅದರಲ್ಲೂ ಕೆಟ್ಟ ತುಕ್ಕು ಕಣ್ಣಿಗೆ ಬೀಳುವ ಕಡೆ ಇರುವುದಿಲ್ಲ. ಮಳೆನೀರು ಕುಡಿದ ಕೆಂಪುಕಲ್ಲಿನ ಗೋಡೆಯೊಳಗೆ ಗರ್ಡರಿನ ತುದಿ ಹುಗಿದಿರುತ್ತದಲ್ಲ, ಅಲ್ಲಿ ಇರುತ್ತದೆ. ಹೊರಗಿನಿಂದ ಎರಡು ಕೋಟು ಬಣ್ಣ ಬಳಿದು ಚಂದ ಮಾಡಿದರೆ ಆ ತುದಿ ಗಟ್ಟಿಯಾಗದು. ಗೋಡೆಯ ಗಾರೆ ಕೆತ್ತಿ, ತುಕ್ಕು ಕೆರೆದು, ಉಳಿದ ದಪ್ಪ ಅಳೆಯಬೇಕು. ನಡುವೆ ಒಂದು ನೂಲು ಎಳೆದು ಎಷ್ಟು ಜಗ್ಗಿದೆ ನೋಡಬೇಕು. 12 ಅಡಿಯ ಗರ್ಡರು ಅರ್ಧ ಇಂಚಿನ ಹತ್ತಿರ ಜಗ್ಗಿದ್ದರೆ ಮೇಸ್ತ್ರಿಯನ್ನಲ್ಲ, ಇಂಜಿನಿಯರರನ್ನು ಕರೆಯಬೇಕು.

ಇನ್ನೊಂದು ವಿಷಯ. ಈ ಕಟ್ಟಡಗಳಲ್ಲಿ ಎಷ್ಟೋ ಉಪ್ಪರಿಗೆಗಳು ಸಂಸಾರ ಇರಲಿಕ್ಕೆ ಕಟ್ಟಿದವು. 1987ರ ಭಾರತೀಯ ಮಾನಕದ ಪ್ರಕಾರ ವಾಸದ ಕೋಣೆಗೆ ಚದರಡಿಗೆ ಸುಮಾರು 19 ಕಿಲೋ ಭಾರ ಹಿಡಿದರೆ, ಚಿಲ್ಲರೆ ಅಂಗಡಿಗೆ 37 ಕಿಲೋ ಹಿಡಿಯಬೇಕು. ಗೋದಾಮಿಗೆ ಇನ್ನೂ ಹೆಚ್ಚು. ನಮ್ಮ ಲೆಕ್ಕದ ಗರ್ಡರು ತುಕ್ಕು ಹಿಡಿಯದಿದ್ದರೂ 21 ಕಿಲೋಗೆ ಮುಗಿಯುತ್ತದೆ. ಮನೆಗೆ ಸಾಕು, ಅಂಗಡಿಗೆ ಸಾಲದು. ಹೀಗಿರುವಾಗ ಕೆಳಗೆ ಶೋರೂಮು ಅಗಲ ಮಾಡಬೇಕೆಂದು ನಡುಗೋಡೆಯನ್ನೇ ಕಿತ್ತುಹಾಕುವವರೂ ಇದ್ದಾರೆ. ಗರ್ಡರಿನ ಹಾರು ಎರಡರಷ್ಟಾದರೆ ಹೊರುವ ಶಕ್ತಿ ಅರ್ಧ, ಬೀಳುವ ಭಾರ ದುಪ್ಪಟ್ಟು. ಇದಕ್ಕೆ ಏನು ಹೇಳೋಣ?

ಎಲ್ಲರಿಗೂ ಇದು ಗೊತ್ತಿಲ್ಲವೆಂದಲ್ಲ. ಮುಖ್ಯ ಸಂಗತಿ ಹೆದರಿಕೆ. ಪರೀಕ್ಷೆ ಅಂದರೆ ಒಕ್ಕಲೆಬ್ಬಿಸುವ ನೆಪ ಎಂದು ಬಾಡಿಗೆಯವರಿಗೆ ಹೆದರಿಕೆ. ಕಾಗದದಲ್ಲಿ ಬಂದರೆ ರಿಪೇರಿ ತನ್ನ ತಲೆಗೆ ಎಂದು ಧನಿಗಳಿಗೆ ಹೆದರಿಕೆ. 2020ರಲ್ಲಿ ಸೆಂಟ್ರಲ್ ಮಾರುಕಟ್ಟೆ ಖಾಲಿಯಾಗಿ ಸಗಟು ವ್ಯಾಪಾರ ಬೈಕಂಪಾಡಿಗೆ ಹೋದದ್ದನ್ನು ಕಂಡವರು ಹೆದರಿದರೆ ತಪ್ಪೂ ಅಲ್ಲ. ಆದರೆ ಕೆಡಹುವುದು ಇಲ್ಲವೇ ಕಣ್ಣುಮುಚ್ಚಿ ಕೂರುವುದು, ಎರಡೇ ದಾರಿ ಎಂದು ಯಾರು ಹೇಳಿದ್ದು? ಲೆಕ್ಕ ಸಿಕ್ಕಿದರೆ ಭಾರ ಇಳಿಸಬಹುದು. ನಡುವೆ ಒಂದು ಕಂಬ ಕೊಡಬಹುದು. ಹಳೇದರ ಪಕ್ಕಕ್ಕೆ ಹೊಸ ಗರ್ಡರು ಸೇರಿಸಬಹುದು. ವಯಸ್ಸೊಂದೇ ಅಳತೆಯಲ್ಲ. ಪಾಣೆಮಂಗಳೂರಿನ ಹಳೇ ಉಕ್ಕಿನ ಸೇತುವೆ ನೂರು ವರ್ಷ ದಾಟಿತು. ಕಾರವಾರದಲ್ಲಿ ಕಾಳಿ ನದಿಯ ಕಾಂಕ್ರೀಟು ಸೇತುವೆ ಅದರ ಅರ್ಧ ವಯಸ್ಸು ಕಾಣದೆ 2024ರ ಆಗಸ್ಟಿನಲ್ಲಿ ಕುಸಿಯಿತು.

ನಗರಪಾಲಿಕೆಯವರು ಒಂದು ಕೆಲಸ ಮಾಡಲಿ. ಗರ್ಡರಿನ ಹಳೇ ಕಟ್ಟಡದಲ್ಲಿ ಉಪ್ಪರಿಗೆ ಗೋದಾಮು ಇಟ್ಟವರ ಲೈಸೆನ್ಸು ನವೀಕರಿಸುವಾಗ ಒಂದೇ ಒಂದು ಹಾಳೆ ಕೇಳಲಿ: ಗರ್ಡರಿನ ಅಳತೆ, ಉಳಿದ ದಪ್ಪ, ಚದರಡಿಗೆ ಹೊರುವ ಕಿಲೋ, ಇಂಜಿನಿಯರರ ರುಜು. ಖರ್ಚು ಧನಿ ಅರ್ಧ, ಬಾಡಿಗೆಯವ ಅರ್ಧ. ಹಾಳೆ ತಂದುಕೊಟ್ಟವನಿಗೆ ನೋಟೀಸಿನ ಬದಲು ಸರಿಪಡಿಸಲು ಸಮಯ ಕೊಡಲಿ. ಇಲ್ಲದಿದ್ದರೆ ಯಾರೂ ತರಲಿಕ್ಕಿಲ್ಲ. 1960ರಿಂದ ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಕಾಲೇಜು ಇರುವ ಊರಿಗೆ ಅಳೆಯುವವರ ಬರಗಾಲವಂತೂ ಇಲ್ಲ.

ಆಮೇಲೆ ಆ ಕಿಲೋ ಲೆಕ್ಕವನ್ನು ಮೆಟ್ಟಿಲ ಬಾಯಲ್ಲಿ ಬಣ್ಣದಲ್ಲಿ ಬರೆದಿಡಲಿ. ಮೂಟೆ ಹೊತ್ತು ಹತ್ತುವ ಕೂಲಿಯವನಿಗೂ, ಮಳೆ ಬಂದಾಗ ಅದೇ ಅಂಗಡಿಯ ಮಾಡಿನ ಕೆಳಗೆ ಬಸ್ಸು ಕಾಯುವ ನಮಗೂ, ತಲೆಯ ಮೇಲೆ ಏನಿದೆ ಎಂದು ತಿಳಿದಿರಲಿ.