ಹಿಟ್ಟಿನ ಕೋಳಿ ಮತ್ತು ತೆರೆಯ ಮೇಲಿನ ಬೇಟೆ

ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ರೇಷ್ಮೆಯ ಸೀಮೆಗೆ ಸೇರಿದ ಊರು. ಹಿಪ್ಪುನೇರಳೆ ತೋಟ, ಹುಳು ಸಾಕುವ ಮನೆ, ಗೂಡು ಕಟ್ಟಿಸುವ ಚಂದ್ರಿಕೆ ಇವೆಲ್ಲ ಇಲ್ಲಿನವರಿಗೆ ಬಾಲ್ಯದಿಂದಲೇ ಪರಿಚಿತ. ಬಿದಿರಿನ ತಟ್ಟೆಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿದ ಚಂದ್ರಿಕೆಯು ನೋಡುವವರಿಗೆ ಒಂದು ಪುಟ್ಟ ಚಕ್ರವ್ಯೂಹದಂತೆ ತೋರುತ್ತದೆ. ನಾಲ್ಕು ಬಾರಿ ಪೊರೆ ಬಿಟ್ಟು ಹಣ್ಣಾದ ಹುಳು ಅದರ ಓಣಿಯಲ್ಲಿ ಸ್ಥಳ ಹಿಡಿದು, ತನ್ನ ಬಾಯಿಯ ನೂಲಿನಿಂದಲೇ ತನ್ನ ಸುತ್ತ ಗೂಡು ಕಟ್ಟಿಕೊಂಡು ಮರೆಯಾಗುತ್ತದೆ. ಯಾರ ಕಣ್ಣಿಗೂ ಬೀಳದಿರಲೆಂದು ಕಟ್ಟಿಕೊಂಡ ಮರೆಯೇ ಅದಕ್ಕೆ ಸೆರೆಯಾಗುತ್ತದೆ.

ಇಂತಹ ಊರುಗಳ ಮನೆಗಳಲ್ಲಿ ಈಗ ರಾತ್ರಿಯ ಹೊತ್ತು ಇನ್ನೊಂದು ಚಕ್ರವ್ಯೂಹವೂ ತೆರೆದುಕೊಳ್ಳುತ್ತದೆ. ಹಿರಿಯರು ಹುಳುವಿಗೆ ಕೊನೆಯ ಸೊಪ್ಪು ಹಾಕಿ ಮಲಗಿದ ಮೇಲೆ ಮಗನ ಕೈಯಲ್ಲಿ ಮೊಬೈಲ್ ಬೆಳಗುತ್ತದೆ. ಕತ್ತಲೆಯ ಓಣಿಗಳು, ಎಲ್ಲಿಗೂ ತಲುಪದ ತಿರುವುಗಳು, ಅವುಗಳ ನಡುವೆ ಹತ್ತಾರು ಆಟಗಾರರು. ಕೆಲವರು ಬೇಟೆಗಾರರು, ಉಳಿದವರು ಬೇಟೆ. ಸದ್ದು ಮಾಡಿದವನು ಸಿಕ್ಕಿಬೀಳುತ್ತಾನೆ, ಅಡಗಿದವನು ಉಳಿಯುತ್ತಾನೆ. ಜೊತೆಗಾರನನ್ನು ಮುಂದೆ ಬಿಟ್ಟು ತಾನು ತಪ್ಪಿಸಿಕೊಳ್ಳುವವನೂ ಇದ್ದಾನೆ. ಮುಂದಿನ ಸುತ್ತಿನಲ್ಲಿ ಪಾತ್ರಗಳು ಅದಲುಬದಲು, ಅಟ್ಟಿಸಿಕೊಂಡವನೇ ಅಟ್ಟುವವನಾಗುತ್ತಾನೆ. 1980ರಲ್ಲಿ ಜಪಾನಿನಿಂದ ಬಂದ ಪ್ಯಾಕ್‌ಮ್ಯಾನ್ ಎಂಬ ಆಟದಲ್ಲಿಯೂ ಜಟಿಲ ಓಣಿಗಳಿದ್ದವು, ಬೆನ್ನಟ್ಟುವಿಕೆಯಿತ್ತು. ಆದರೆ ಅಲ್ಲಿ ಬೆನ್ನಟ್ಟುತ್ತಿದ್ದುದು ಯಂತ್ರದ ಭೂತಗಳು. ಇಂದು ಆ ಬದಿಯಲ್ಲಿರುವವನು ಎಲ್ಲಿಯೋ ಕುಳಿತ ಇನ್ನೊಬ್ಬ ಮನುಷ್ಯ.

ಈ ಆಟದ ಬಗ್ಗೆ ಹಿರಿಯರಲ್ಲಿ ಎರಡು ಬಗೆಯ ಮಾತುಗಳಿವೆ. ‘ಆಟ ತಾನೆ, ಯಾರ ಪ್ರಾಣ ಹೋಯಿತು?’ ಎಂಬುದು ಒಂದು. ‘ಮೊಬೈಲೇ ಪಾಪದ ಮೂಲ, ಒಡೆದು ಹಾಕಬೇಕು’ ಎಂಬುದು ಇನ್ನೊಂದು. ಜೈನ ಧರ್ಮವು ಈ ಎರಡನ್ನೂ ಒಪ್ಪುವುದಿಲ್ಲ. ಅದು ವಸ್ತುವನ್ನು ಕೇಳುವುದಕ್ಕೆ ಮೊದಲು ಭಾವವನ್ನು ಕೇಳುತ್ತದೆ.

‘ಯಾರ ಪ್ರಾಣ ಹೋಯಿತು?’ ಎಂಬ ಪ್ರಶ್ನೆ ಕನ್ನಡ ನಾಡಿಗೆ ಹೊಸದಲ್ಲ. ಕವಿ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ನಡುವೆ ಇರುವುದು ಇದೇ ಪ್ರಶ್ನೆ. ಜೀವಬಲಿಗೆ ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಅಲ್ಲಿ ರಕ್ತ ಹರಿಯಬೇಕಾಗಿರಲಿಲ್ಲ, ಇದ್ದದ್ದು ಹಿಟ್ಟು ಮಾತ್ರ. ಆದರೂ ಕೊಲ್ಲುತ್ತೇನೆಂಬ ಸಂಕಲ್ಪವಿತ್ತು. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾರೆ. ಮಗ ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟಿದಾಗ ನಾಯಿಯಿಂದಲೇ ನವಿಲಿಗೆ ಸಾವು. ಹಿಂದೆ ಎದೆಹಾಲು ಕುಡಿಸಿದವಳೇ ಈಗ ಬೇಟೆಗಾರಳು. ಸುತ್ತು ಸುತ್ತಿಗೂ ಪಾತ್ರ ಬದಲಾಗುವ ಆಟವೆಂದರೆ ಇದು. ಅದಕ್ಕೆ ಸಂಸಾರವೆಂದು ಹೆಸರು.

ತೆರೆಯ ಮೇಲೆ ಬೀಳುವ ಆಕೃತಿಯೂ ಹಿಟ್ಟಿನ ಕೋಳಿಯೇ. ದ್ರವ್ಯಹಿಂಸೆ ಅಲ್ಲಿಲ್ಲವೆಂಬುದು ನಿಜ. ಆದರೆ ಭಾವಹಿಂಸೆ ಇದೆಯೋ ಇಲ್ಲವೋ ಎಂಬುದನ್ನು ಆಡುವವನ ಅಂತರಂಗವೇ ಹೇಳಬೇಕು. ಉಮಾಸ್ವಾತಿ ಆಚಾರ್ಯರ ‘ತತ್ತ್ವಾರ್ಥಸೂತ್ರ’ವು ರೌದ್ರಧ್ಯಾನಕ್ಕೆ ನಾಲ್ಕು ನೆಲೆಗಳನ್ನು ಹೇಳುತ್ತದೆ: ಹಿಂಸೆ, ಅಸತ್ಯ, ಕಳವು ಮತ್ತು ತನ್ನ ವಿಷಯಗಳ ಸಂರಕ್ಷಣೆ. ಇವುಗಳಲ್ಲಿ ಮನಸ್ಸು ಆನಂದಿಸುತ್ತ ನೆಲೆ ನಿಲ್ಲುವುದೇ ರೌದ್ರಧ್ಯಾನ. ಚಕ್ರವ್ಯೂಹದ ಆಟವನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡಬಹುದು. ಎದುರಾಳಿ ಬಿದ್ದಾಗ ಹಿಗ್ಗಿದರೆ ಅದು ಹಿಂಸಾನಂದ. ಜೊತೆಗಾರನನ್ನು ವಂಚಿಸಿ ನಕ್ಕರೆ ಅದು ಮೃಷಾನಂದ. ಇನ್ನೊಬ್ಬನು ಕೂಡಿಟ್ಟದ್ದನ್ನು ಕದ್ದು ಬೀಗಿದರೆ ಸ್ತೇಯಾನಂದ. ತಾನು ಗಳಿಸಿದ ಅಂಕಗಳನ್ನು ಕಾಯುವ ಚಿಂತೆಯಲ್ಲಿ ನಿದ್ದೆಗೆಟ್ಟರೆ ಅದು ನಾಲ್ಕನೆಯದು. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ವಿವರಿಸುವ ಅನರ್ಥದಂಡಗಳಲ್ಲಿಯೂ ಅಪಧ್ಯಾನಕ್ಕೆ ಸ್ಥಾನವಿದೆ. ಪ್ರಯೋಜನವಿಲ್ಲದೆ ಪರರ ಕೇಡನ್ನು ಮನಸ್ಸಿನಲ್ಲಿ ನೆನೆಯುವುದೇ ಅಪಧ್ಯಾನ. ರೈತನ ನೇಗಿಲಿನಿಂದ ಆಗುವ ಹಿಂಸೆಗೆ ಹೊಟ್ಟೆಪಾಡಿನ ಕಾರಣವಾದರೂ ಉಂಟು. ಅಪಧ್ಯಾನಕ್ಕೆ ಆ ಕಾರಣವೂ ಇಲ್ಲ.

ಆದರೂ ಆಟದಲ್ಲಿ ಒಂದು ಗುಣವಿದೆ, ಅದನ್ನು ಕಾಣದೆ ಬಾಲಕನನ್ನು ಗದರಿಸುವುದು ನ್ಯಾಯವಲ್ಲ. ಆ ಓಣಿಗಳಲ್ಲಿ ಅವನು ಎಷ್ಟು ಎಚ್ಚರದಿಂದ ನಡೆಯುತ್ತಾನೆ! ಒಂದೊಂದು ಹೆಜ್ಜೆಯನ್ನೂ ನೋಡಿ ಇಡುತ್ತಾನೆ. ಮಾತು ಬಿಡುತ್ತಾನೆ, ಉಸಿರು ಹಿಡಿಯುತ್ತಾನೆ, ಮೈ ಅಲುಗಿಸದೆ ಕೂರುತ್ತಾನೆ. ಇದೇ ಎಚ್ಚರ ಮುನಿಗಳಲ್ಲಿಯೂ ಇದೆ. ಈರ್ಯಾಸಮಿತಿಯನ್ನು ಪಾಲಿಸುವ ಮುನಿಗಳು ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿಯೇ ಕಾಲಿಡುತ್ತಾರೆ. ಮನಸ್ಸು, ಮಾತು, ಮೈ ಮೂರನ್ನೂ ಅಡಗಿಸಿ ಕಾಯುವುದಕ್ಕೆ ಗುಪ್ತಿಯೆಂದೇ ಹೆಸರು. ವ್ಯತ್ಯಾಸವಿರುವುದು ದಿಕ್ಕಿನಲ್ಲಿ. ಆಟಗಾರನು ತನ್ನನ್ನು ಉಳಿಸಿಕೊಳ್ಳಲು ಹೆಜ್ಜೆ ನೋಡುತ್ತಾನೆ. ಮುನಿಯು ಇರುವೆಯನ್ನು ಉಳಿಸಲು ಹೆಜ್ಜೆ ನೋಡುತ್ತಾನೆ. ಆಟಗಾರನು ಎದುರಾಳಿಯಿಂದ ಅಡಗುತ್ತಾನೆ; ಮುನಿಯು ಕರ್ಮದ ಆಸ್ರವಕ್ಕೆ ಬಾಗಿಲು ಮುಚ್ಚುತ್ತಾನೆ. ಇಷ್ಟು ಏಕಾಗ್ರತೆಯುಳ್ಳ ಮಗುವನ್ನು ‘ಚಂಚಲ’ನೆಂದು ಬಯ್ಯುವ ಮನೆಯವರು ಆ ಶಕ್ತಿಗೆ ಬೇರೆ ದಿಕ್ಕನ್ನು ತೋರಿಸಿದ್ದಾರೆಯೇ ಎಂದು ಕೇಳಿಕೊಳ್ಳಬೇಕು.

ಜೈನ ಪರಂಪರೆ ಆಟವನ್ನೇ ನಿರಾಕರಿಸಿಲ್ಲ. ಏಣಿ ಹಾವುಗಳಿಂದ ಕೂಡಿದ ಜ್ಞಾನಚೌಪಡದ ಪಟಗಳನ್ನು ಪಶ್ಚಿಮ ಭಾರತದ ಜೈನರು ಬರೆಸಿದ್ದರು. 84 ಮನೆಗಳಿರುವ ಅಂತಹ ಪಟಗಳಲ್ಲಿ ಆಟಗಾರನು ನರಕದ ಮನೆಗಳಿಂದ ಏರುತ್ತ ಸಿದ್ಧಲೋಕದತ್ತ ಸಾಗುತ್ತಾನೆ. ಅಲ್ಲಿಯೂ ಗೆಲುವಿದೆ, ಆದರೆ ಇನ್ನೊಬ್ಬನನ್ನು ಕೆಡವಿ ಏರಬೇಕಾಗಿಲ್ಲ. ಕೆಳಕ್ಕೆ ಎಳೆಯುವ ಹಾವು ಪಕ್ಕದಲ್ಲಿ ಕುಳಿತವನಲ್ಲ, ತನ್ನದೇ ದುರ್ಗುಣ.

ವೈದ್ಯರೂ ಕಾನೂನೂ ತಮ್ಮ ಮಟ್ಟಿಗೆ ಎಚ್ಚರಿಸಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಮೊಬೈಲ್ ಮತ್ತು ಅಂತರ್ಜಾಲದ ಗೀಳಿಗೆ ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ 2022ರಿಂದ ಆಟದ ಗೀಳು ಸೇರಿದೆ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಆದರೆ ಹಣವಿಲ್ಲದ ಆಟದಲ್ಲಿ ಮನಸ್ಸು ಕಟ್ಟುವ ಪಣವನ್ನು ಯಾವ ಕಾಯ್ದೆಯೂ ಅಳೆಯಲಾರದು. ಅದನ್ನು ಮನೆಯಲ್ಲಿಯೇ ಅಳೆಯಬೇಕು.

ಅಳೆಯುವ ಹಿರಿಯರು ಮೊದಲು ತಮ್ಮನ್ನು ಅಳೆದುಕೊಳ್ಳುವುದು ಒಳ್ಳೆಯದು. ತೆರೆಯ ಮೇಲಿನ ನೆರಳನ್ನು ಕೆಡವಿದ ಮಗನಿಗೆ ಅಹಿಂಸೆಯನ್ನು ಬೋಧಿಸುವ ತಂದೆಯು ರೇಷ್ಮೆಯ ಮಡಿಯುಟ್ಟು ಪೂಜೆಗೆ ನಿಲ್ಲುವುದುಂಟು. ಆ ನೂಲು ಮುರಿಯದೆ ಬರಲೆಂದು ಗೂಡಿನೊಳಗಿನ ಜೀವವನ್ನು ಬಿಸಿ ಹಬೆಯಲ್ಲಿ, ಕುದಿವ ನೀರಿನಲ್ಲಿ ಮುಗಿಸಿರುತ್ತಾರೆ. ಬೇರೆ ಜೀವನೋಪಾಯವಿಲ್ಲದ ರೈತನನ್ನು ದೂರುವ ಮಾತಲ್ಲ ಇದು. ಉಡುವ ಬಟ್ಟೆಯನ್ನು ಆರಿಸಿಕೊಳ್ಳಬಲ್ಲವರ ಹೊಣೆಯ ಮಾತು. ಹಿಟ್ಟಿನ ಕೋಳಿಯ ಕಥೆಗೆ ಕಣ್ಣೀರಿಟ್ಟು ನಿಜವಾದ ಹುಳುವನ್ನು ಮರೆಯುವ ಹಿರಿತನವನ್ನು ಮಕ್ಕಳು ಬಹುಬೇಗ ಗುರುತಿಸುತ್ತಾರೆ.

ಹಾಗಾದರೆ ಮಾಡಬೇಕಾದದ್ದೇನು? ಸಾಮಾಯಿಕಕ್ಕೆ ಹಿರಿಯರು ಇಟ್ಟಿರುವ ಅಳತೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಆಟಕ್ಕೂ ಅದನ್ನೇ ಎಲ್ಲೆಯಾಗಿ ಇಡಬಹುದು. ಆಡಿದಷ್ಟು ಹೊತ್ತು ಅಲ್ಲದಿದ್ದರೂ ಅದರಲ್ಲೊಂದು ಭಾಗವನ್ನಾದರೂ ತಂದೆಯೂ ಮಗನೂ ಒಟ್ಟಿಗೆ ಸಾಮಾಯಿಕದಲ್ಲಿ ಕೂರಬಹುದು. ಆಟ ಮುಗಿದ ಮೇಲೆ ಮಲಗುವ ಮುನ್ನ ಪ್ರತಿಕ್ರಮಣದ ಒಂದೇ ಪ್ರಶ್ನೆ ಸಾಕು: ‘ಈ ಹೊತ್ತು ಯಾರ ಸೋಲಿನಲ್ಲಿ ಸುಖಪಟ್ಟೆ?’ ಉತ್ತರವನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ. ತಾನು ತಪ್ಪಿಸಿಕೊಳ್ಳುವ ಅವಕಾಶವಿದ್ದೂ ಹಿಂದಿರುಗಿ ಜೊತೆಗಾರನನ್ನು ಬಿಡಿಸಿಕೊಂಡ ಸುತ್ತು ನೆನಪಾದರೆ ಅದನ್ನೂ ಎಣಿಸಲಿ. ಜೀವಗಳ ಕಾರ್ಯವೇ ಪರಸ್ಪರ ಉಪಕಾರವೆಂದು ‘ತತ್ತ್ವಾರ್ಥಸೂತ್ರ’ ಹೇಳುವಾಗ ಅದಕ್ಕೆ ಸ್ಥಳದ ಕಟ್ಟಳೆ ಇಟ್ಟಿಲ್ಲ. ಚಕ್ರವ್ಯೂಹದ ನಡುವೆಯೂ ಕರುಣೆ ಹುಟ್ಟಬಲ್ಲದು. ಹಾಗೆ ಹುಟ್ಟಿದ ದಿನ ಆಟದ ಹಿಡಿತ ತಾನಾಗಿಯೇ ಸಡಿಲವಾಗುತ್ತದೆ.

ಚಂದ್ರಿಕೆಯ ಗೂಡನ್ನು ಕುದಿಸದೆ ಬಿಟ್ಟರೆ ಒಳಗಿನ ಜೀವ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ನೂಲಿನ ಲೆಕ್ಕದಲ್ಲಿ ಅದು ನಷ್ಟ. ಜೀವದ ಲೆಕ್ಕದಲ್ಲಿ ಅದೇ ಬಿಡುಗಡೆ. ಗೂಡನ್ನು ಕಟ್ಟಿದ್ದು ಹುಳುವೇ, ತೆರೆಯುವುದೂ ಅದೇ. ಆತ್ಮನ ವಿಷಯದಲ್ಲಿಯೂ ಜಿನರ ಮಾತು ಇದಕ್ಕಿಂತ ಬೇರೆಯಲ್ಲ.